ವಜ್ರದ ತುದಿ, ಹಗುರ ಕೈ: ಮೈಕ್ರೋಡರ್ಮಾಬ್ರೇಷನ್‌ನ ಆರು ಸಿಟಿಂಗ್‌ಗಳು

ವಜ್ರದ ಪುಡಿ ಅಂಟಿಸಿದ ತುದಿಯಿಂದ ಚರ್ಮದ ಮೇಲ್ಪದರವನ್ನು ತಿಕ್ಕಿ, ಮೆಷಿನ್ನಿನಿಂದ ಹೀರಿ ತೆಗೆಯುವುದೇ ಮೈಕ್ರೋಡರ್ಮಾಬ್ರೇಷನ್. ಮೊದಲ ದಿನ ಆ ಮೆಷಿನ್ ಚಾಲೂ ಮಾಡುವುದೇ ಇಲ್ಲ. ಕೂಡಿಸಿ, ಮುಖ ತೊಳೆಸಿ, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುವುದಷ್ಟೇ ಆ ದಿನದ ಕೆಲಸ. ಟ್ಯೂಬ್‌ಲೈಟ್ ಕೆಳಗೆ ಎಲ್ಲ ಕಲೆಗಳೂ ಒಂದೇ ಥರ ಕಾಣುತ್ತವೆ. ಹಗಲ ಬೆಳಕು ಪಕ್ಕದಿಂದ ಬಿದ್ದಾಗ ಯಾವುದು ಮೇಲ್ಪದರದ ಕಪ್ಪು, ಯಾವುದು ಒಳಗಿನ ತಗ್ಗು ಎಂದು ಗೊತ್ತಾಗುತ್ತದೆ. "ಮಾರಿ ಮ್ಯಾಲಿನ ಕಲಿ ಪೂರಾ ಹೋಗತಾವೇನ್ರೀ?" ಹುಬ್ಬಳ್ಳಿಯ ವಿದ್ಯಾನಗರವಿರಲಿ, ಧಾರವಾಡದ ಸಪ್ತಾಪುರವಿರಲಿ, ಕುರ್ಚಿಗೆ ಬಂದು ಕೂತವರು ಮೊದಲು ಕೇಳುವುದು ಇದನ್ನೇ. ಉತ್ತರ ಕಲೆ ಎಷ್ಟು ಆಳದಲ್ಲಿದೆ ಎಂಬುದರ ಮೇಲೆ ನಿಂತಿದೆ. ಮೆಷಿನ್ನಿನ ಬೆಲೆಯ ಮೇಲಲ್ಲ.

ಚರ್ಮದ ತುತ್ತತುದಿಯಲ್ಲಿ ಸತ್ತ ಕೋಶಗಳ ಪದರವೊಂದಿದೆ. ಮುಖದ ಮೇಲೆ ಅದರ ದಪ್ಪ ಸುಮಾರು 10ರಿಂದ 20 ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪಕ್ಕಿಂತಲೂ ಬಹಳ ಕಡಿಮೆ. ಈ ವಿಧಾನ ತಿಕ್ಕಿ ತೆಗೆಯುವುದು ಅದರಲ್ಲಿನ ಒಂದಷ್ಟನ್ನು ಮಾತ್ರ. ಹಾಗಾಗಿ ಮಂಕಾದ ಚರ್ಮ, ಒರಟುತನ, ಬ್ಲ್ಯಾಕ್‌ಹೆಡ್, ಮೊಡವೆ ಒಣಗಿದ ಮೇಲೆ ಉಳಿದ ತೆಳು ಕಪ್ಪು, ಕಣ್ಣಂಚಿನ ಸಣ್ಣ ಗೆರೆ ಇವುಗಳಲ್ಲಿ ಫಲ ಕಾಣುತ್ತದೆ. ಸೂಜಿ ಚುಚ್ಚಿದಂಥ ಆಳದ ಮೊಡವೆ ಕುಳಿಗಳಿಗೆ ಇದರಿಂದ ಏನೂ ಆಗುವುದಿಲ್ಲ. ಬಂಗಿಗೂ ಅಷ್ಟೇ. ಬಂಗಿನ ಬಣ್ಣ ಬಹಳ ಸಲ ಆಳದಲ್ಲಿರುತ್ತದೆ, ಮೇಲೆ ತಿಕ್ಕಿದಷ್ಟೂ ಕೆರಳಿ ಇನ್ನಷ್ಟು ಕಪ್ಪಾಗುವುದುಂಟು. ಬಂಗು ಇದ್ದವರಿಗೆ ಮೊದಲ ದಿನವೇ ಇದನ್ನು ಹೇಳಿ, ಚರ್ಮವೈದ್ಯರ ಹತ್ತಿರ ಕಳಿಸುತ್ತೇವೆ.

ಅದೇ ದಿನ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ: ಯಾವ ಕ್ರೀಮ್ ಹಚ್ಚುತ್ತೀರಿ? ಹೆಸರು ಕೇಳಿದರೆ ಸಾಲದು, ಟ್ಯೂಬನ್ನೇ ತರಿಸಿ ಹಿಂಬದಿಯ ಸಣ್ಣ ಅಕ್ಷರ ಓದಬೇಕು. ಬೆಟಾಮೆಥಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಇರುವ ಮುಲಾಮುಗಳನ್ನು "ಬೆಳ್ಳಗಾಗುವ ಕ್ರೀಮ್" ಎಂದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಚ್ಚಿಕೊಂಡವರು ಹಾವೇರಿ, ಗದಗ, ಹುಬ್ಬಳ್ಳಿ ಎಲ್ಲ ಕಡೆಯಿಂದಲೂ ಬರುತ್ತಾರೆ. ಇವು ಸ್ಟಿರಾಯ್ಡ್‌ಗಳು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಕೈಯಿಂದ ಕೈಗೆ ದಾಟುತ್ತಲೇ ಇವೆ. ಹೀಗೆ ಹಚ್ಚಿದ ಮುಖವನ್ನು ನೋಡಿದ ಕೂಡಲೇ ಗುರುತಿಸಬಹುದು: ಕೆನ್ನೆ ತೆಳುವಾಗಿ ಕೆಂಪೇರಿರುತ್ತದೆ, ಸಣ್ಣ ರಕ್ತನಾಳ ಎಳೆಎಳೆಯಾಗಿ ಕಾಣುತ್ತವೆ, ಇಲ್ಲದ ಕಡೆ ಕೂದಲು ಬಂದಿರುತ್ತದೆ, ಬಿಸಿಲಿಗೆ ಹೋದರೆ ಉರಿ ಎನ್ನುತ್ತಾರೆ. ಈ ಚರ್ಮದ ಮೇಲೆ ವಜ್ರದ ತುದಿ ಇಟ್ಟರೆ ಸಿಪ್ಪೆ ಸುಲಿದಂತೆ ಕಿತ್ತುಬರುತ್ತದೆ. ಮೊದಲು ವೈದ್ಯರ ಕೈಯಲ್ಲಿ ಆ ಮುಲಾಮು ಬಿಡಿಸಬೇಕು, ಚರ್ಮ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು. ಒಬ್ಬರನ್ನು ವಾಪಸ್ ಕಳಿಸಿದರೆ ಆ ದಿನದ ಫೀ ಹೋಗುತ್ತದೆ, ಹೋಗಲಿ. ಈ ವಿಷಯದಲ್ಲಿ ಸಡಿಲ ಬಿಡಬಾರದು.

ತುಟಿ ಅಂಚಿನ ಜ್ವರಗುಳ್ಳೆ, ನರೂಲಿ, ಹುಳುಕಡ್ಡಿ, ಕೀವು ತುಂಬಿದ ಮೊಡವೆ ಇದ್ದರೂ ಮಾಡುವುದಿಲ್ಲ. ತುದಿ ಒಂದು ಕಡೆಯ ಸೋಂಕನ್ನು ಎಳೆದು ಇಡೀ ಮುಖಕ್ಕೆ ಹರಡುತ್ತದೆ. ಸೋರಿಯಾಸಿಸ್ ಮತ್ತು ತೊನ್ನು ಇದ್ದವರಲ್ಲಿ ತಿಕ್ಕಿದ ಜಾಗದಲ್ಲೇ ಹೊಸ ಮಚ್ಚೆ ಏಳಬಹುದು. ಗಾಯವಾದರೆ ಗಂಟುಕಟ್ಟುವ ಮೈಯವರು, ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರ ಒಪ್ಪಿಗೆ ಪಡೆದೇ ಬರಬೇಕು. ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ನುಂಗಿದವರು ಆರು ತಿಂಗಳು ಕಾಯಬೇಕು ಎಂಬುದು ಹಳೆಯ ನಿಯಮ. ಇಂಥ ಮೇಲ್ಪದರದ ಕೆಲಸಕ್ಕೆ ಅಷ್ಟು ಕಾಯಬೇಕೆನ್ನಲು ಗಟ್ಟಿ ಆಧಾರವಿಲ್ಲ ಎಂದು ಚರ್ಮತಜ್ಞರು 2017ರ ಸುಮಾರಿಗೆ ಹೇಳಿದರು. ಆದರೂ ಆ ತೀರ್ಮಾನ ಮಾತ್ರೆ ಬರೆದ ವೈದ್ಯರದೇ ಇರಲಿ. ಟ್ರೆಟಿನಾಯಿನ್, ಅಡಾಪಲೀನ್, ಗ್ಲೈಕೋಲಿಕ್ ಇರುವ, ಮೇಲ್ಪದರ ಉದುರಿಸುವ ಕ್ರೀಮ್‌ಗಳನ್ನು ಹಚ್ಚುವವರು ಸಿಟಿಂಗ್‌ಗೆ 5 ದಿನ ಮುಂಚೆ ನಿಲ್ಲಿಸಬೇಕು. ವ್ಯಾಕ್ಸಿಂಗ್, ಥ್ರೆಡಿಂಗ್ ಆಗಿ ವಾರವಾದರೂ ಕಳೆದಿರಬೇಕು. ಗಂಡಸರು ಗಡ್ಡವನ್ನು ಹಿಂದಿನ ದಿನ ತೆಗೆದುಕೊಂಡು ಬಂದರೆ ಸರಿ, ಅದೇ ದಿನ ಬೇಡ.

ಎಲ್ಲ ಸರಿ ಇದ್ದರೆ ಕಿವಿಯ ಕೆಳಗೆ, ದವಡೆಯ ಅಂಚಿನಲ್ಲಿ 2 ಸೆಂಟಿಮೀಟರ್ ಜಾಗದಲ್ಲಿ ಒಂದೇ ಸಲ ತುದಿ ಆಡಿಸಿ, ವಾರ ಬಿಟ್ಟು ನೋಡುತ್ತೇವೆ. ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮಕ್ಕೆ ಇದು ಬೇಕೇ ಬೇಕು. ಇಲ್ಲಿ ಗಾಯ ದೊಡ್ಡ ಮಾತಲ್ಲ, ಗಾಯ ಆರಿದ ಮೇಲೆ ಉಳಿಯುವ ಕಪ್ಪೇ ದೊಡ್ಡದು. ಆ ಕಪ್ಪು ಮರುದಿನ ಕಾಣುವುದಿಲ್ಲ, ವಾರ ಹತ್ತು ದಿನಕ್ಕೆ ಮೂಡುತ್ತದೆ.

ಯಾವಾಗ ಶುರು ಮಾಡಬೇಕು ಎಂಬುದನ್ನು ನಮ್ಮ ಊರಿನ ಬಿಸಿಲು ಮತ್ತು ಹಬ್ಬ ನೋಡಿಯೇ ನಿರ್ಧರಿಸಬೇಕು. ಎರಡು ವಾರಕ್ಕೊಂದರಂತೆ ಆರು ಸಿಟಿಂಗ್ ಎಂದರೆ ಮೊದಲನೆಯದರಿಂದ ಕೊನೆಯದಕ್ಕೆ ಹತ್ತು ವಾರ. ದಸರಾ ಮುಗಿದ ಮೇಲೆ ಶುರು ಮಾಡಿದರೆ ಸಂಕ್ರಾಂತಿಯೊಳಗೆ ಮುಗಿಯುತ್ತದೆ, ಇದೇ ಒಳ್ಳೆಯ ಕಾಲ. ಮಾರ್ಚ್‌ನಿಂದ ಮೇ ತನಕದ ಸುಡುಬಿಸಿಲಲ್ಲಿ ಹೊಸದಾಗಿ ಶುರು ಮಾಡಬೇಡಿ. ಹುಬ್ಬಳ್ಳಿಯಲ್ಲಿ ಬಣ್ಣ ಆಡುವುದು ಹೋಳಿಯಾಗಿ ಐದನೆಯ ದಿನ, ರಂಗಪಂಚಮಿಗೆ. ಅದಕ್ಕೆ ಹತ್ತು ದಿನ ಮುಂಚೆ ಮತ್ತು ಒಂದು ವಾರ ಆಮೇಲೆ ಮೆಷಿನ್ ಹತ್ತಿರ ಬರಬಾರದು. ಆಗಷ್ಟೇ ತಿಕ್ಕಿದ ಚರ್ಮಕ್ಕೆ ಕೆಮಿಕಲ್ ಬಣ್ಣ ನೇರ ಇಳಿಯುತ್ತದೆ. ಬಣ್ಣ ತೆಗೆಯಲು ಉಜ್ಜಿ ಉಜ್ಜಿ ಕೆಂಪಾದ ಮುಖಕ್ಕೂ ವಿಶ್ರಾಂತಿ ಬೇಕು.

ಮದುವೆಯ ಲೆಕ್ಕ ಬೇರೆ. ಮದುಮಗಳು ಮದುವೆ ದಿನ ಹಿಡಿದು ಎಣಿಸುತ್ತಾಳೆ, ನಾವು ಅರಿಷಿಣ ಹಚ್ಚುವ ದಿನ ಹಿಡಿದು ಎಣಿಸುತ್ತೇವೆ. ಸುರಗಿ ಸುತ್ತಿ ಅರಿಷಿಣ ಮೆತ್ತುವ ಹೊತ್ತಿಗೆ ಕೊನೆಯ ಸಿಟಿಂಗ್ ಆಗಿ ಕನಿಷ್ಠ ಹತ್ತು ದಿನ ಕಳೆದಿರಬೇಕು. ಮೇಲ್ಪದರ ಹೋದ ಚರ್ಮಕ್ಕೆ ಅಂಗಡಿ ಅರಿಷಿಣದ ಪುಡಿ ತಾಗಿದರೆ ಉರಿ, ತುರಿಕೆ, ದದ್ದು ಎದ್ದು, ಫೋಟೋ ದಿನಕ್ಕೆ ಸರಿಯಾಗಿ ಮುಖ ಊದಿಕೊಳ್ಳುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಕೆಲಸ ಮಾಡುವವರಿಗೂ ಹೀಗೆಯೇ ಹೇಳುತ್ತೇವೆ: ಆವಕ ಜೋರಿದ್ದ ತಿಂಗಳುಗಳಲ್ಲಿ ಬೇಡ, ಅಥವಾ ಸಿಟಿಂಗ್ ಆದ ಮೇಲೆ ಮೂರು ದಿನ ರಜೆ ಸಿಗುವಂತಿದ್ದರೆ ಮಾತ್ರ ಬನ್ನಿ. ಖಾರದ ಧೂಳು ಆ ಚರ್ಮದ ಮೇಲೆ ಕೂತರೆ ತಣ್ಣೀರು ಹಾಕಿದರೂ ಉರಿ ಇಳಿಯುವುದಿಲ್ಲ.

ಈಗ ಮೆಷಿನ್. ಈ ವಿಧಾನ 1985ರಲ್ಲಿ ಇಟಲಿಯಲ್ಲಿ ಹುಟ್ಟಿತು. ಆಗ ಅಲ್ಯುಮಿನಿಯಂ ಆಕ್ಸೈಡ್ ಹರಳುಗಳನ್ನು ಚರ್ಮದ ಮೇಲೆ ಚಿಮ್ಮಿಸಿ, ಇನ್ನೊಂದು ಕೊಳವೆಯಿಂದ ಹೀರಿಕೊಳ್ಳುತ್ತಿದ್ದರು. ಚಾಕು ಮಸೆಯುವ ಸಾಣೆಚಕ್ರದಲ್ಲಿ ಇರುವುದೂ ಅದೇ ವಸ್ತು, ಗಟ್ಟಿತನದಲ್ಲಿ ವಜ್ರದ ನಂತರದ ಸಾಲಿನದು. ಹರಳಿನ ತೊಂದರೆ ಎಂದರೆ ಪುಡಿ ಕಣ್ಣಿಗೆ ಹೋಗುತ್ತದೆ, ಮಾಡುವವರ ಮೂಗಿಗೂ ಹೋಗುತ್ತದೆ, ಒಮ್ಮೆ ಬಳಸಿದ ಹರಳನ್ನು ಮತ್ತೆ ಬಳಸುವಂತಿಲ್ಲ. ನಾವು ಬಳಸುವುದು ವಜ್ರದ ಪುಡಿ ಅಂಟಿಸಿದ ಲೋಹದ ತುದಿ. ಅದನ್ನು ಹಿಡಿಯುವ ಸ್ಟೀಲ್ ಹಿಡಿಕೆ, ಪಾರದರ್ಶಕ ಟ್ಯೂಬ್, ನಡುವೆ ಹತ್ತಿಯ ಫಿಲ್ಟರ್, ಪಂಪ್, ಗೇಜ್. ಇಷ್ಟೇ. ಸಾಮಾನ್ಯ ಸೆಟ್‌ನಲ್ಲಿ ಒಂಬತ್ತು ತುದಿಗಳಿರುತ್ತವೆ, ಬೇರೆ ಬೇರೆ ಅಗಲ, ಬೇರೆ ಬೇರೆ ಒರಟು. ತುದಿಯ ಮೇಲಿನ ಅಂಕಿ ದೊಡ್ಡದಾದಷ್ಟೂ ಪುಡಿ ನುಣುಪು, ಮರಳು ಕಾಗದದ ಲೆಕ್ಕವೇ. ಮುಖಕ್ಕೆ 200ರಿಂದ 250, ಬೆನ್ನಿಗೆ 150, ಮೊಣಕೈ ಮೊಣಕಾಲಿಗೆ 100.

ಹೀರುವ ಒತ್ತಡವನ್ನು ಸೆಂಟಿಮೀಟರ್ ಪಾದರಸದಲ್ಲಿ ಓದುತ್ತೇವೆ. ನಮ್ಮ ಗೇಜ್‌ನಲ್ಲಿ ಹಣೆ ಮತ್ತು ಕೆನ್ನೆಗೆ 20ರಿಂದ 25, ಮೂಗಿಗೆ 25ರಿಂದ 30, ಕಣ್ಣಿನ ಸುತ್ತಲ ಎಲುಬಿನ ಅಂಚಿಗೆ ಮತ್ತು ಮೇಲ್ತುಟಿಗೆ 10ರಿಂದ 12, ಬೆನ್ನಿಗೆ 35ರಿಂದ 40. ಕಣ್ಣುರೆಪ್ಪೆಯ ಮೇಲೆ ಎಂದಿಗೂ ಇಲ್ಲ. ಆದರೆ ಒಂದು ಮೆಷಿನ್ನಿನ 20 ಇನ್ನೊಂದರ 20 ಅಲ್ಲ. ಅಂಕಿ ನಂಬುವ ಮುಂಚೆ ತುದಿಯನ್ನು ಸ್ವಂತ ಮುಂಗೈ ಒಳಬದಿಗೆ ಇಟ್ಟು ನೋಡಬೇಕು. ಚರ್ಮ ಒಂದೆರಡು ಮಿಲಿಮೀಟರ್ ಎದ್ದು ನಿಂತರೆ ಸಾಕು. ಗುಳ್ಳೆಯಂತೆ ಉಬ್ಬಿ ಒಳಗೆ ಹೊಕ್ಕರೆ ಒತ್ತಡ ಜಾಸ್ತಿಯಾಯಿತು.

ಸಿಟಿಂಗ್ ದಿನ ಮುಖವನ್ನು ಸೌಮ್ಯ ಜೆಲ್ಲಿನಿಂದ ತೊಳೆದು, ಗಾಜ್ ಬಟ್ಟೆಯಿಂದ ಒತ್ತಿ ಒರೆಸಿ, ಐದು ನಿಮಿಷ ಹಾಗೇ ಒಣಗಲು ಬಿಡುತ್ತೇವೆ. ಒಣಗುವುದೇ ಮುಖ್ಯ. ಜಿಡ್ಡು ಅಥವಾ ನೀರು ಉಳಿದರೆ ತುದಿ ಜಾರುತ್ತದೆ, ತಿಕ್ಕುವುದಿಲ್ಲ, ಪುಡಿ ಮುದ್ದೆಯಾಗಿ ಫಿಲ್ಟರ್ ಕಟ್ಟುತ್ತದೆ. ಕೆಲವು ಕಡೆ ಮುಂಚೆ ಸ್ಟೀಮ್ ಕೊಡುತ್ತಾರೆ. ಅದು ತಪ್ಪು ಎಂದೇ ನಮ್ಮ ಅಭಿಪ್ರಾಯ. ಹಬೆಗೆ ನೆನೆದ ಪದರ ಸಮನಾಗಿ ಹೋಗದೆ ಚಕ್ಕೆಚಕ್ಕೆಯಾಗಿ ಕೀಳುತ್ತದೆ. ಕಣ್ಣಿಗೆ ಒದ್ದೆ ಹತ್ತಿ, ತಲೆಗೆ ಬ್ಯಾಂಡ್, ಲೆನ್ಸ್ ಹಾಕಿದ್ದರೆ ತೆಗೆಸಬೇಕು. ಮೂಗುತಿ, ಕಿವಿಯ ಬುಗುಡಿ ತೆಗೆಯಲು ಬಾರದಿದ್ದರೆ ಅದರ ಸುತ್ತ ಒಂದು ಬೆರಳು ಜಾಗ ಬಿಡುತ್ತೇವೆ.

ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಚರ್ಮವನ್ನು ಬಿಗಿಯಾಗಿ ಚಾಚಿ ಹಿಡಿಯುವುದು, ಬಲಗೈಯಿಂದ ತುದಿಯನ್ನು ನೆಟ್ಟಗೆ ಇಟ್ಟು ಎಳೆಯುವುದು. ಹೊಸದಾಗಿ ಕಲಿಯುವವರು ಗಮನವನ್ನೆಲ್ಲ ಬಲಗೈಗೆ ಕೊಡುತ್ತಾರೆ. ಕೆಲಸ ಕೆಡುವುದು ಎಡಗೈ ಸಡಿಲಾದಾಗ. ಸಡಿಲ ಚರ್ಮ ಮಡಚಿಕೊಂಡು ತುದಿಯೊಳಗೆ ಹೋಗುತ್ತದೆ, ಮಡಿಕೆಯ ನೆತ್ತಿ ಎರಡು ಪಟ್ಟು ಸವೆಯುತ್ತದೆ, ಮರುದಿನ ಅಲ್ಲೊಂದು ಗೆರೆ. ಹಣೆಯಲ್ಲಿ ನಡುವಿನಿಂದ ಕಣತಲೆಯ ಕಡೆಗೆ, ಕೆನ್ನೆಯಲ್ಲಿ ಮೂಗಿನಿಂದ ಕಿವಿಯ ಕಡೆಗೆ, ಗದ್ದದಿಂದ ದವಡೆಯ ಗುಂಟ ಮೇಲಕ್ಕೆ. ಒಂದೊಂದು ಎಳೆತ ಮೂರ್ನಾಲ್ಕು ಸೆಂಟಿಮೀಟರ್, ಹಿಂದಿನ ಎಳೆತದ ಮೂರನೆಯ ಒಂದು ಭಾಗದ ಮೇಲೆ ಹಾಯುವಂತೆ. ತುದಿ ಚರ್ಮದ ಮೇಲೆ ಇದ್ದಷ್ಟು ಹೊತ್ತು ಸರಿಯುತ್ತಲೇ ಇರಬೇಕು. ಎಳೆತದ ಕೊನೆಗೆ ಹಿಡಿಕೆಯ ಗಾಳಿ ಕಿಂಡಿಯಿಂದ ಬೆರಳು ತೆಗೆದು ಹೀರುವಿಕೆ ಬಿಡಿಸಿ, ಆಮೇಲೆ ಎತ್ತಬೇಕು. ಕಿಂಡಿ ಬಿಡದೆ ಕಿತ್ತರೆ ಅಲ್ಲೇ ದುಂಡಗೆ ನೇರಳೆ ಕಲೆ ಬೀಳುತ್ತದೆ. ರಕ್ತನಾಳ ಒಡೆದ ಗುರುತು ಅದು, ವಾರದ ತನಕ ಉಳಿಯುತ್ತದೆ.

ಮುಖಕ್ಕೆಲ್ಲ ಒಂದು ಸುತ್ತು ಆದ ಮೇಲೆ ಎರಡನೆಯ ಸುತ್ತನ್ನು ಮೊದಲಿನದಕ್ಕೆ ಅಡ್ಡವಾಗಿ ಎಳೆಯುತ್ತೇವೆ. ಇದರಿಂದ ಪಟ್ಟೆ ಉಳಿಯುವುದಿಲ್ಲ. ಮೂರನೆಯ ಸುತ್ತು ಮೂಗು ಮತ್ತು ಗದ್ದಕ್ಕೆ ಮಾತ್ರ. ಮೊದಲ ಸಿಟಿಂಗ್‌ನಲ್ಲಿ ಇಡೀ ಮುಖಕ್ಕೆ ಒಂದೇ ಸುತ್ತು, ಎರಡನೆಯದು ಎರಡನೆಯ ಸಿಟಿಂಗ್‌ನಿಂದ. ನಿಲ್ಲಿಸುವ ಗುರುತು ತೆಳು ಗುಲಾಬಿ, ಕಪ್ಪು ಚರ್ಮದಲ್ಲಿ ಕೆಂಪು ಕಾಣದಿದ್ದರೆ ಬೆರಳಿಗೆ ಹತ್ತುವ ಬೆಚ್ಚಗೆ. ಸೂಜಿಮೊನೆಯಷ್ಟು ರಕ್ತ ಕಂಡರೆ ಆ ಜಾಗದಲ್ಲಿ ಅಂದಿನ ಕೆಲಸ ಮುಗಿಯಿತು. ಮೂಗಿನ ಬ್ಲ್ಯಾಕ್‌ಹೆಡ್‌ಗಳನ್ನು ಒಂದು ಸುತ್ತಾದ ಮೇಲೆ ಲೂಪ್ ಎಂಬ ತಂತಿ ಕುಣಿಕೆಯ ಸಲಕರಣೆಯಿಂದ ಒತ್ತಿದರೆ ಸುಲಭವಾಗಿ ಬರುತ್ತವೆ, ಬಾರದ್ದನ್ನು ಮುಂದಿನ ಸಲಕ್ಕೆ ಬಿಡಬೇಕು. ಎಲ್ಲ ಸೇರಿ ಮುಖಕ್ಕೆ 25 ನಿಮಿಷ.

ನಡುವೆ ಹೀರುವಿಕೆ ಇದ್ದಕ್ಕಿದ್ದಂತೆ ಇಳಿದರೆ ಗೇಜ್ ತಿರುಗಿಸಿ ಹೆಚ್ಚಿಸುವುದು ಬಹಳ ಜನ ಮಾಡುವ ತಪ್ಪು. ಕಟ್ಟಿದ ಫಿಲ್ಟರ್ ತಟ್ಟನೆ ಬಿಟ್ಟುಕೊಂಡರೆ ಪೂರ್ತಿ ಒತ್ತಡ ಕೆನ್ನೆಯ ಮೇಲೆ ಬೀಳುತ್ತದೆ. ಮೊದಲು ಮೆಷಿನ್ ಬಂದ್ ಮಾಡಿ ಫಿಲ್ಟರ್ ನೋಡಬೇಕು, ಆಮೇಲೆ ಹಿಡಿಕೆಯೊಳಗಿನ ರಬ್ಬರ್ ಓ-ರಿಂಗ್. ಬೇಸಿಗೆಯ ಶಾಖಕ್ಕೆ ಅದು ಸೀಳು ಬಿಡುತ್ತದೆ. ಕೊನೆಗೆ ಟ್ಯೂಬಿನ ಮಡಿಕೆ. ಫಿಲ್ಟರ್ ಪ್ರತಿಯೊಬ್ಬರಿಗೂ ಹೊಸದು. ತೆಗೆದ ಫಿಲ್ಟರ್‌ನ ಮೇಲೆ ಕೂತ ಬೂದು ಪುಡಿ ನೋಡಿ ಬಂದವರಿಗೆ ಖುಷಿಯಾಗುತ್ತದೆ, ಆದರೆ ಪುಡಿ ಹೆಚ್ಚಾದಷ್ಟು ಒಳ್ಳೆಯದು ಎಂಬ ಲೆಕ್ಕವಿಲ್ಲ.

ತುದಿಗಳನ್ನು ಸಾಬೂನು ನೀರಲ್ಲಿ ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ತೊಳೆದು, ಒಣಗಿಸಿ, ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ನಲ್ಲಿ 121 ಡಿಗ್ರಿಗೆ 20 ನಿಮಿಷ ಇಡುತ್ತೇವೆ. ಬರೀ ಸ್ಪಿರಿಟ್ ಒರೆಸಿದರೆ ವಜ್ರದ ಕಣಗಳ ಸಂದಿಯಲ್ಲಿ ಕೂತ ಕೊಳೆ ಹೋಗುವುದಿಲ್ಲ. ನೀವು ಹೋದ ಕಡೆ ತುದಿಯನ್ನು ಕವರ್ ಒಡೆದು ನಿಮ್ಮೆದುರಿಗೇ ಜೋಡಿಸುತ್ತಾರೋ ಇಲ್ಲವೋ ನೋಡಿ. ಕೇಳಲು ಸಂಕೋಚ ಬೇಡ.

ಮುಗಿದ ಮೇಲೆ ತಣ್ಣನೆಯ ಸಲೈನ್‌ನಲ್ಲಿ ಅದ್ದಿದ ಗಾಜ್ ಹತ್ತು ನಿಮಿಷ, ವಾಸನೆಯಿಲ್ಲದ ಮಾಯಿಶ್ಚರೈಸರ್, ಅದರ ಮೇಲೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿದರೆ ಮುಖ ಮತ್ತು ಕುತ್ತಿಗೆಗೆ ಸರಿಯಾಗುತ್ತದೆ. ಬಟಾಣಿ ಕಾಳಿನಷ್ಟು ಹಚ್ಚುವವರೇ ಹೆಚ್ಚು, ಅದು ಹಚ್ಚದ ಲೆಕ್ಕ. ಹೊರಗಿದ್ದರೆ ಎರಡು ಮೂರು ತಾಸಿಗೊಮ್ಮೆ ಮತ್ತೆ. ಮೊದಲ 24 ತಾಸು ಚರ್ಮದಿಂದ ನೀರು ಹೆಚ್ಚು ಆರಿಹೋಗುತ್ತದೆ, ನೀರು ಹಿಡಿದಿಡುವ ಚರ್ಮದ ತಡೆ ವಾರದೊಳಗೆ ತಾನೇ ಕೂಡಿಕೊಳ್ಳುತ್ತದೆ. ಆ ಒಂದು ದಿನ ಮೇಕಪ್, ಜಿಮ್, ಬಿಸಿನೀರು, ಈಜು ಬೇಡ. ನಿಲ್ಲಿಸಿದ ಟ್ರೆಟಿನಾಯಿನ್, ಗ್ಲೈಕೋಲಿಕ್ ಐದು ದಿನದ ನಂತರ. ಕಡಲೆಹಿಟ್ಟು, ನಿಂಬೆರಸ, ಮುಲ್ತಾನಿ ಮಿಟ್ಟಿ ಮುಂದಿನ ಸಿಟಿಂಗ್ ತನಕವೂ ಬೇಡ. ಸಂಜೆ ಐದರ ಮೇಲಿನ ಹೊತ್ತನ್ನೇ ಕೊಡುತ್ತೇವೆ. ಧಾರವಾಡದಿಂದ ಬಂದವರು ಬೈಕಿನಲ್ಲಿ ಧೂಳು ಕುಡಿಯುತ್ತ ಹೋಗುವ ಬದಲು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ಎಸಿಯಲ್ಲಿ ಹೋದರೆ ಮುಖಕ್ಕೆ ಹಿತ. ಗದಗ ಕಡೆಯವರ ಮನೆಗೆ ಬೋರ್‌ವೆಲ್ಲಿನ ಗಡಸು ನೀರಿದ್ದರೆ ಎರಡು ದಿನ ಕುಡಿಯುವ ನೀರಿನಲ್ಲೇ ಮುಖ ತೊಳೆಯಲು ಹೇಳುತ್ತೇವೆ. ಗಡಸು ನೀರಲ್ಲಿ ಸಾಬೂನು ಪೂರಾ ಹೋಗದೆ ಚರ್ಮ ಬಿರಿಯುತ್ತದೆ.

ಎರಡನೆಯ, ಮೂರನೆಯ ದಿನ ಮೂಗಿನ ಪಕ್ಕ ಮತ್ತು ಗದ್ದದ ಮೇಲೆ ಸಣ್ಣ ಹೊಟ್ಟು ಏಳುತ್ತದೆ. ಕೀಳದೆ ಬಿಟ್ಟರೆ ತಾನೇ ಉದುರುತ್ತದೆ. ಕೆಂಪು 24 ತಾಸಿನಲ್ಲಿ ಇಳಿಯಬೇಕು. ಮೂರನೆಯ ದಿನಕ್ಕೂ ಉರಿ ಇದ್ದರೆ, ನೀರುಗುಳ್ಳೆ ಕಂಡರೆ, ಫೋನ್ ಮಾಡಿ ಮುಲಾಮಿನ ಹೆಸರು ಕೇಳಬೇಡಿ, ಬಂದು ತೋರಿಸಿ. ತುಟಿಯ ಹತ್ತಿರ ಗುಂಪುಗುಂಪಾಗಿ ಗುಳ್ಳೆ ಎದ್ದರೆ ಜ್ವರಗುಳ್ಳೆಯೇ ಇರಬಹುದು, ಅದಕ್ಕೆ ವೈದ್ಯರ ಮಾತ್ರೆ ಬೇಗ ಶುರುವಾಗಬೇಕು.

ಮೈಗೆ ಬಂದರೆ ಲೆಕ್ಕ ಬದಲಾಗುತ್ತದೆ. ಮೈಚರ್ಮ ದಪ್ಪ, ಆದರೆ ವಾಸಿಯಾಗುವುದು ನಿಧಾನ, ಕಪ್ಪು ಉಳಿಯುವುದು ಹೆಚ್ಚು. ಹಾಗಾಗಿ ಮೂರರಿಂದ ನಾಲ್ಕು ವಾರಕ್ಕೊಮ್ಮೆ. ಬೆನ್ನಿನ ಮೊಡವೆ ಕಲೆಗೆ, ತೋಳಿನ ಮೇಲೆ ಒತ್ತಾಗಿ ಏಳುವ ಒರಟು ಮುಳ್ಳುಗುಳ್ಳೆಗೆ ಇದು ಉಪಯೋಗ. ಮುಳ್ಳುಗುಳ್ಳೆಗೆ ಮನೆಯಲ್ಲಿ ದಿನವೂ ಯೂರಿಯಾ ಇರುವ ಕ್ರೀಮ್ ಹಚ್ಚದಿದ್ದರೆ ತಿಂಗಳಲ್ಲಿ ಮೊದಲಿನಂತೆಯೇ ಆಗುತ್ತದೆ. ಬಸಿರಿನ ನಂತರದ ಹೊಟ್ಟೆಯ ಗೆರೆಗಳ ಮೇಲೆ ಹೆಚ್ಚಿನ ಆಸೆ ಬೇಡ, ಅವು ಒಳಪದರ ಹರಿದ ಗುರುತು.

ಬೆನ್ನಿನ ಮೇಲ್ಭಾಗದಲ್ಲಿ, ತೋಳಿನ ಹೊರಬದಿಯಲ್ಲಿ ನೀರಿನ ಅಲೆಯಂತೆ ಕಂದು ಗೆರೆಗಳಿದ್ದರೆ ಕೈ ಹಚ್ಚುವುದಿಲ್ಲ. ನೈಲಾನ್ ಬ್ರಷ್, ಮೈ ಉಜ್ಜುವ ಕಲ್ಲು ಹಿಡಿದು ವರ್ಷಗಟ್ಟಲೆ ತಿಕ್ಕಿದವರಲ್ಲಿ ಇದು ಬಹಳ. ತಿಕ್ಕಿಯೇ ಬಂದದ್ದಕ್ಕೆ ತಿಕ್ಕುವುದು ಔಷಧವಲ್ಲ. ಕಲ್ಲು ಬಿಡಿಸುವುದೇ ಮೊದಲ ಚಿಕಿತ್ಸೆ. ಕುತ್ತಿಗೆಯ ಹಿಂಭಾಗ, ಕಂಕುಳು ಮಖಮಲ್ಲಿನಂತೆ ದಪ್ಪಗೆ ಕಪ್ಪಾಗಿದ್ದರೆ ಅದು ಕೊಳೆಯಲ್ಲ, ಬಹಳ ಸಲ ದೇಹ ಇನ್ಸುಲಿನ್‌ಗೆ ಸ್ಪಂದಿಸದಿರುವ ಸೂಚನೆ. ಹದಿನೈದು ಹದಿನಾರರ ಹುಡುಗಿಯರನ್ನು "ಕುತ್ತಿಗಿ ತಿಕ್ಕಿ ತೊಳಕೋ" ಎಂದು ಮನೆಯಲ್ಲಿ ಬೈಯುವುದು ಕೇಳಿದಾಗ ಸಂಕಟವಾಗುತ್ತದೆ. ಅವರಿಗೆ ಬೇಕಾದದ್ದು ಸಕ್ಕರೆ ಪರೀಕ್ಷೆ ಮತ್ತು ವೈದ್ಯರು.

ಒರಟು ತುದಿಯ ಬಗ್ಗೆ ಒಂದು ಮಾತು. ಮಿಷಿಗನ್ ವಿಶ್ವವಿದ್ಯಾಲಯದವರು 2009ರಲ್ಲಿ 50 ದಾಟಿದ 40 ಜನರ, ಬಿಸಿಲಿಗೆ ಹಾಳಾದ ಮುಂಗೈ ಚರ್ಮದ ಮೇಲೆ ಪರೀಕ್ಷಿಸಿ, ಒರಟು ವಜ್ರದ ತುದಿ ಒಳಪದರದಲ್ಲಿ ಚರ್ಮಕ್ಕೆ ಬಿಗಿ ಕೊಡುವ ಕೊಲ್ಯಾಜನ್ ಕಟ್ಟುವ ಕೆಲಸ ಎಬ್ಬಿಸುತ್ತದೆ, ಮಧ್ಯಮ ತುದಿ ಹಾಗೆ ಎಬ್ಬಿಸುವುದಿಲ್ಲ ಎಂದು ತೋರಿಸಿದರು. ಇದನ್ನು ಹಿಡಿದುಕೊಂಡು "ದಪ್ಪ ತುದಿ ಹಾಕ್ರಿ" ಎನ್ನುವವರಿದ್ದಾರೆ. ಮುಂಗೈಗೆ ನಡೆದದ್ದು ನಮ್ಮ ಬಣ್ಣದ ಕೆನ್ನೆಗೆ ಹಾಗೇ ನಡೆಯುತ್ತದೆ ಎಂದು ನಾವು ಒಪ್ಪುವುದಿಲ್ಲ. ಮುಖಕ್ಕೆ 100ರ ತುದಿಯನ್ನು ಇಡುವುದಿಲ್ಲ.

ಮೊದಲ ಸಿಟಿಂಗ್ ಆದ ಮೂರನೆಯ ದಿನ ಕೈಗೆ ನುಣುಪು ಹತ್ತುತ್ತದೆ, ಕನ್ನಡಿಯಲ್ಲಿ ಏನೂ ಇಲ್ಲ. ಎರಡನೆಯದರ ನಂತರ ಮೂಗು ಸ್ವಚ್ಛ, ಪೌಡರ್ ಸಮನಾಗಿ ಕೂಡುತ್ತದೆ. ಮೂರನೆಯದರ ಹೊತ್ತಿಗೆ "ಏನೂ ಆಗಿಲ್ಲ" ಎಂದು ಬಿಟ್ಟುಹೋಗುವವರು ಹೆಚ್ಚು. ಎಳೆಯ ಚರ್ಮದ ಮೇಲ್ಪದರ ಒಮ್ಮೆ ಪೂರ್ತಿ ಬದಲಾಗಲು ಸುಮಾರು 28 ದಿನ ಬೇಕು, ವಯಸ್ಸಾದಂತೆ 40 ದಿನವೂ ದಾಟುತ್ತದೆ. ಮೊಡವೆಯ ತೆಳು ಕಪ್ಪು ತಿಳಿಯಾಗತೊಡಗುವುದು ನಾಲ್ಕನೆಯದರಿಂದ. ಐದರಲ್ಲೂ ಬದಲಾಗದ ಕಲೆ ಇದ್ದರೆ ಆರನೆಯದನ್ನು ಮಾಡದೆ ಹಣ ಉಳಿಸಿ, ವೈದ್ಯರ ಜೊತೆ ಬೇರೆ ದಾರಿ ಮಾತಾಡುವುದು ಸರಿ.

ಅದಕ್ಕಾಗಿಯೇ ಮೊದಲ ದಿನ ಅದೇ ಕಿಟಕಿಯ ಪಕ್ಕ, ಅದೇ ಹೊತ್ತಿಗೆ, ಎಡ ಬಲ ಎದುರು ಮೂರು ಫೋಟೋ ತೆಗೆದಿಟ್ಟಿರುತ್ತೇವೆ, ಫ್ಲ್ಯಾಶ್ ಇಲ್ಲದೆ, ಬ್ಯೂಟಿ ಮೋಡ್ ಬಂದ್ ಮಾಡಿ. ಹತ್ತನೆಯ ವಾರ ಅದೇ ಕುರ್ಚಿಯಲ್ಲಿ ಮತ್ತೆ ಮೂರು ತೆಗೆದು, ಎರಡನ್ನೂ ಅವರ ಕೈಗೇ ಕೊಡುತ್ತೇವೆ.